ಪಿಪಿ ಕಚೇರಿಯ ಸಿಬ್ಬಂದಿ ಉಸ್ತುವಾರಿ: ಹೊಸದಾಗಿ ಚಾರ್ಜ್ ತೆಗೆದುಕೊಂಡವರಿಗೊಂದು ಕೈಪಿಡಿ

ಸರ್ಕಾರಿ ಅಭಿಯೋಜಕರ (ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಪಿಪಿ) ಕೆಲಸದಲ್ಲಿ ಒಂದು ವಿಚಿತ್ರ ತೊಡಕಿದೆ. ಕಚೇರಿ ತೆರೆದಿರುವ ಹೊತ್ತಿನಲ್ಲಿ ಕಚೇರಿಯ ಮುಖ್ಯಸ್ಥರೇ ಅಲ್ಲಿ ಇರುವುದಿಲ್ಲ. ಬೆಳಗ್ಗೆ ಕೋರ್ಟ್ ಹಾಲ್ ಹೊಕ್ಕರೆ ಊಟದ ಬಿಡುವೊಂದನ್ನು ಬಿಟ್ಟು ಸಂಜೆಯವರೆಗೂ ಅಲ್ಲೇ. ಅಷ್ಟರಲ್ಲಿ ಟಪಾಲು ಬರುತ್ತದೆ, ಠಾಣೆಯಿಂದ ಕರಡು ದೋಷಾರೋಪಣ ಪಟ್ಟಿ ಬರುತ್ತದೆ, ನೊಂದವರ ಮನೆಯವರು ಬಾಗಿಲಲ್ಲಿ ನಿಂತಿರುತ್ತಾರೆ, ಆರೋಪಿ ಪರ ವಕೀಲರ ಗುಮಾಸ್ತ ಬಂದು ‘ಒಂದೇ ಒಂದು ಝೆರಾಕ್ಸ್’ ಎಂದು ಕೇಳುತ್ತಾನೆ. ಇದನ್ನೆಲ್ಲ ನಿಭಾಯಿಸುವವರು ಇಬ್ಬರೋ ಮೂವರೋ ನೌಕರರು. ಒಬ್ಬರೇ ಇರುವ ಕಚೇರಿಯೂ ಉಂಟು.

ಇವರಿಂದ ಕೆಲಸ ತೆಗೆಯುವುದನ್ನು ಕಾನೂನು ಕಾಲೇಜೂ ಕಲಿಸುವುದಿಲ್ಲ, ನೇಮಕಾತಿ ಪರೀಕ್ಷೆಯೂ ಕೇಳುವುದಿಲ್ಲ. ಸಾಕ್ಷಿ ತಿರುಗಿಬಿದ್ದು ಕೇಸು ಬಿದ್ದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸಮನ್ಸ್ ಹೋಗದೆ, ನಕಲಿಗೆ ಅರ್ಜಿ ಹಾಕದೆ ಬಿದ್ದ ಕೇಸು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತು ಚಹಾಕ್ಕೆ ಹೋದರು ಎಂದು ಕಾಯುವ ಶಕ್ತಿಯನ್ನು ತಾರೀಖು ಮತ್ತು ಕಾಗದದ ಓಡಾಟವನ್ನು ಕಾಯಲು ಬಳಸಿ ಎನ್ನುವುದೇ ಈ ಬರಹದ ತಿರುಳು. ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಅಭಿಯೋಜಕರ ಕಚೇರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಯಾರು ನಿಮ್ಮವರು, ಯಾರು ಅಲ್ಲ

ಕಚೇರಿಯಲ್ಲಿ ಓಡಾಡುವವರೆಲ್ಲ ನಿಮ್ಮ ಕೈಕೆಳಗಿನವರಲ್ಲ. ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರು, ಬೆರಳಚ್ಚುಗಾರರು, ದಲಾಯತರು (ಜವಾನರು) ಇಲಾಖೆಯ ನೌಕರರು. ಇವರಿಗೆ ನೀವು ಆದೇಶ ಕೊಡಬಹುದು. ಡೇಟಾ ಎಂಟ್ರಿಗೆ ಬಂದವರು ಹೊರಗುತ್ತಿಗೆಯವರಾಗಿದ್ದರೆ ಅವರಿಗೆ ಸಂಬಳ ಕೊಡುವವರು ಏಜೆನ್ಸಿಯವರು. ಕೆಲಸ ನೀವು ಹೇಳಬಹುದು, ಶಿಸ್ತಿನ ಮಾತು ಏಜೆನ್ಸಿಯ ಮೂಲಕವೇ ಆಗಬೇಕು. ಇಂಥವರ ಸಂಬಳ ತಡವಾದಾಗ ಅವರ ಪರವಾಗಿ ಒಂದು ಪತ್ರ ಬರೆಯುವುದು ನಿಮ್ಮ ಉಸ್ತುವಾರಿಯ ಭಾಗವೇ. ತಿಂಗಳುಗಟ್ಟಲೆ ಸಂಬಳವಿಲ್ಲದವರಿಂದ ಗೋಪ್ಯತೆ, ನಿಷ್ಠೆ ಎಂದು ಕೇಳುವುದು ನ್ಯಾಯವಲ್ಲ.

ಕೋರ್ಟ್ ಕರ್ತವ್ಯದ ಪೇದೆ, ಅಂದರೆ ಎಲ್ಲರೂ ‘ಕೋರ್ಟ್ ಪಿಸಿ’ ಎಂದು ಕರೆಯುವವರು, ಠಾಣೆಯವರು. ಅವರ ಮೇಲಧಿಕಾರಿ ಪಿಎಸ್‌ಐ. ಬೆಂಚ್ ಕ್ಲರ್ಕ್ ಮತ್ತು ಶಿರಸ್ತೇದಾರರು ನ್ಯಾಯಾಧೀಶರ ಅಧೀನದವರು. ಅಲ್ಲಿ ನಿಮಗಿರುವುದು ಸೌಜನ್ಯದ ಸಂಬಂಧ ಮಾತ್ರ. ಆದೇಶ, ಪತ್ರ, ವಿನಂತಿ ಈ ಮೂರರಲ್ಲಿ ಯಾವುದು ಯಾರಿಗೆ ಎನ್ನುವುದು ಮೊದಲ ದಿನವೇ ಸ್ಪಷ್ಟವಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಪೊಲೀಸರ ವಿಷಯದಲ್ಲಿ ಇನ್ನೊಂದು ಮಾತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅಭಿಯೋಜನೆಯನ್ನು ಪೊಲೀಸ್ ಇಲಾಖೆಯಿಂದ ಬೇರ್ಪಡಿಸುವ ದಾರಿ ಹಿಡಿಯಿತು. 1995ರಲ್ಲಿ ಶಹಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರಕ್ಕೆ ಇದನ್ನೇ ಖಡಾಖಂಡಿತವಾಗಿ ಹೇಳಿತು. ಹಾಗಾಗಿ ಕೋರ್ಟ್ ಪಿಸಿ ನಿಮ್ಮ ಕಚೇರಿಯ ಗುಮಾಸ್ತರಾಗಬಾರದು. ಕೈ ಕಡಿಮೆಯಿದೆ ಎಂದು ಕೇಸ್ ಕಡತದ ಕಪಾಟಿನ ಬೀಗ ಅವರ ಕೈಗೆ ಕೊಟ್ಟರೆ ಅನುಕೂಲವೇನೋ ಆಗುತ್ತದೆ, ಆದರೆ ಈ ಬೇರ್ಪಡಿಕೆಗೆ ಅರ್ಥವೇ ಉಳಿಯುವುದಿಲ್ಲ.

ಹೆಜ್ಜೆ 2: ಮೊದಲ ವಾರ ಏನನ್ನೂ ಬದಲಿಸಬೇಡಿ

ಆವಕ ವಹಿ, ಜಾವಕ ವಹಿ, ಕಡತ ಚಲನವಲನ ವಹಿ, ದಿನಚರಿ, ಮೇಲ್ಮನವಿ ಅಭಿಪ್ರಾಯದ ವಹಿ: ಇಷ್ಟನ್ನು ತೆರೆದು ಕೂತು ಓದಿ. ಕಪಾಟಿನಲ್ಲಿರುವ ಕಡತಗಳನ್ನು ವಹಿಯ ಜತೆ ತಾಳೆ ನೋಡಿ, ಸಿಗದವುಗಳ ಪಟ್ಟಿ ಮಾಡಿಸಿ, ಚಾರ್ಜ್ ಕೊಟ್ಟವರ ಸಹಿ ಹಾಕಿಸಿಕೊಳ್ಳಿ. ಈಗ ಮುಜುಗರ ಪಟ್ಟುಕೊಂಡು ಬಿಟ್ಟರೆ ಆರು ತಿಂಗಳ ನಂತರ ಆ ಕಡತ ಕಳೆದವರು ನೀವೇ ಆಗಿರುತ್ತೀರಿ.

ಹೆಜ್ಜೆ 3: ಒಂದು ತಾರೀಖು ವಹಿ ತೆರೆಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಮುಂದಿನ ವಿಚಾರಣೆಯ ತಾರೀಖು ಕೋರ್ಟಿನ ತಂತ್ರಾಂಶದಲ್ಲೂ ಮೊಬೈಲಿನಲ್ಲೂ ಸಿಗುತ್ತದೆ. ಸಿಗದಿರುವುದು ಕಾನೂನೇ ಹಾಕಿದ ಗಡುವುಗಳು. ಅವುಗಳಿಗೆ ಒಂದು ಪ್ರತ್ಯೇಕ ವಹಿ ಬೇಕು. ಕಂಪ್ಯೂಟರಿನಲ್ಲಿ ಇಟ್ಟರೂ ಸರಿ, ವಾರಕ್ಕೊಮ್ಮೆ ಮುದ್ರಿಸಿ ಗೋಡೆಗೆ ಅಂಟಿಸಿ.

ಮೊದಲನೆಯದು ಬಂಧಿತ ಆರೋಪಿಯ ಗಡುವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂ ಪ್ರಕಾರ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ. ಅಷ್ಟರೊಳಗೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಬರುತ್ತದೆ. ಇದು ತನಿಖಾಧಿಕಾರಿಯ ತಲೆನೋವು ಎಂದು ಸುಮ್ಮನಿರುವಂತಿಲ್ಲ. ಕರಡು ಪಟ್ಟಿ ಪರಿಶೀಲನೆಗೆಂದು ನಿಮ್ಮ ಮೇಜಿನ ಮೇಲೆ ಮಲಗಿದ್ದಾಗಲೂ ದಿನ ಓಡುತ್ತಲೇ ಇರುತ್ತದೆ. ಕರಡು ಬಂದ ಕೂಡಲೇ ಮೊದಲ ರಿಮ್ಯಾಂಡಿನ, ಅಂದರೆ ಕೋರ್ಟ್ ಆರೋಪಿಯನ್ನು ಮೊದಲು ಬಂಧನಕ್ಕೆ ಒಪ್ಪಿಸಿದ, ತಾರೀಖನ್ನು ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು ಸ್ವೀಕರಿಸಿದ ನೌಕರರ ಕೆಲಸ ಎಂದು ನಿಗದಿ ಮಾಡಿ.

ಎಣಿಕೆಯಲ್ಲಿ ಎಡವುವುದು ಸುಲಭ. ರಿಮ್ಯಾಂಡ್ ಮಾಡಿದ ದಿನವೂ ಎಣಿಕೆಗೆ ಸೇರುತ್ತದೆ ಎಂದು 2023ರ ಮಾರ್ಚ್‌ನಲ್ಲಿ ಕಪಿಲ್ ವಾಧವಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಮೇಲ್ಮನವಿಯಲ್ಲಿ ಇದು ತಲೆಕೆಳಗು: ತೀರ್ಪಿನ ದಿನವನ್ನು ಬಿಟ್ಟು ಎಣಿಸಬೇಕು. ಎರಡಕ್ಕೂ ಒಂದೇ ಲೆಕ್ಕ ಹಾಕುವ ಗುಮಾಸ್ತರನ್ನು ಬೈದು ಫಲವಿಲ್ಲ. ಎರಡು ನಿಯಮಗಳನ್ನೂ ವಹಿಯ ಮೊದಲ ಪುಟದಲ್ಲಿ ಬರೆಸಿಡಿ.

ಎರಡನೆಯದು ನಕಲುಗಳ ಗಡುವು. ಆರೋಪಿ ಹಾಜರಾದ ಅಥವಾ ಹಾಜರುಪಡಿಸಿದ 14 ದಿನದೊಳಗೆ ಪೊಲೀಸ್ ವರದಿ ಮತ್ತು ದಾಖಲೆಗಳ ಪ್ರತಿ ಅವನ ಕೈಸೇರಬೇಕು ಎನ್ನುತ್ತದೆ 230ನೇ ಕಲಂ. ಪ್ರತಿ ಕೊಡುವುದು ಮ್ಯಾಜಿಸ್ಟ್ರೇಟರು, ನಿಜ. ಆದರೆ ಐವರು ಆರೋಪಿಗಳಿಗೆ ನಾಲ್ಕೇ ಸೆಟ್ ಬಂದಿದ್ದರೆ, ಗಾಯದ ಪ್ರಮಾಣಪತ್ರದ ಝೆರಾಕ್ಸ್ ಕಪ್ಪು ಮಸಿಯಾಗಿದ್ದರೆ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಪರಿಶೀಲನೆಗೆ ಬಂದಾಗಲೇ ನಿಮ್ಮ ಸಹಾಯಕರು ಮೂರು ಸಂಗತಿ ನೋಡಲಿ: ಅನುಕ್ರಮಣಿಕೆ ಇದೆಯೇ, ಪುಟಗಳು ಓದಲು ಬರುತ್ತವೆಯೇ, ಆರೋಪಿಗಳ ತಲೆಗೊಂದು ಸೆಟ್ ಇದೆಯೇ. ಇದಕ್ಕೆ ಕಾನೂನು ಪದವಿ ಬೇಡ, ತಾಳ್ಮೆ ಬೇಕು.

ಮೂರನೆಯದು ಖುಲಾಸೆಯ ಮೇಲಿನ ಮೇಲ್ಮನವಿ. ನಿಜವಾದ ಅಪಾಯ ಇಲ್ಲಿದೆ. ಲಿಮಿಟೇಶನ್ ಕಾಯ್ದೆಯ 114ನೇ ಅನುಚ್ಛೇದದಂತೆ ಸರ್ಕಾರಕ್ಕೆ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ಸಮಯವನ್ನು 12ನೇ ಕಲಂ ಅಡಿಯಲ್ಲಿ ಕಳೆಯಲಾಗುತ್ತದೆ. ವಹಿಯಲ್ಲಿ ಈ ಕಾಲಂಗಳು ಇರಲಿ: ತೀರ್ಪಿನ ದಿನ, ನಕಲಿಗೆ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೈಗೆ ಬಂದ ದಿನ, ಅಭಿಪ್ರಾಯ ರವಾನಿಸಿದ ದಿನ, ಕೊನೆಯ ದಿನ.

ಒಂದು ಉದಾಹರಣೆ ನೋಡಿ. ತೀರ್ಪು ಮಾರ್ಚ್ 3ಕ್ಕೆ, ನಕಲಿನ ಅರ್ಜಿ 5ಕ್ಕೆ, ನಕಲು ಸಿದ್ಧವಾದದ್ದು 20ಕ್ಕೆ. ಮಾರ್ಚ್ 3ನ್ನು ಬಿಟ್ಟು ಎಣಿಸಿದರೆ ತೊಂಬತ್ತನೆಯ ದಿನ ಜೂನ್ 1. ನಕಲಿಗೆ ಹಿಡಿದ ಹದಿನಾರು ದಿನ ಸೇರಿಸಿದರೆ ಜೂನ್ 17. ಆದರೆ ಕೊನೆಯ ದಿನದ ಕಾಲಂನಲ್ಲಿ ಜೂನ್ 1 ಎಂದೇ ಬರೆಸಿ. ಆ ಹದಿನಾರು ದಿನ ನಕಲು ಕೊಟ್ಟವರ ಮೊಹರು, ಅರ್ಜಿಯ ರಸೀದಿ ಇವುಗಳ ಮೇಲೆ ನಿಂತದ್ದು, ಕಷ್ಟಕಾಲಕ್ಕೆ ಇರಲಿ. ಜತೆಗೆ ನಿಮ್ಮ ಅಭಿಪ್ರಾಯ ಜಿಲ್ಲೆಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿ ಅನುಮತಿಯಾಗಿ, ಹೈಕೋರ್ಟಿನ ಕಚೇರಿ ಮುಟ್ಟಬೇಕು. ಆದ್ದರಿಂದ ಅಭಿಪ್ರಾಯ ರವಾನೆಗೆ ಕಚೇರಿಯೇ ಒಂದು ಒಳಗಡುವು ಹಾಕಿಕೊಳ್ಳಬೇಕು. ನಕಲು ಕೈಗೆ ಬಂದ ಹತ್ತು ದಿನ ನನ್ನ ಮಟ್ಟಿಗೆ ಸಾಕು. ವಿಳಂಬ ಮನ್ನಾ ಅರ್ಜಿ ಹಾಕಿದರಾಯಿತು ಎಂಬ ಧೈರ್ಯ ಬೇಡ. ಕಡತ ಮೇಜಿನಿಂದ ಮೇಜಿಗೆ ಹೋಗಲು ತಡವಾಯಿತು ಎನ್ನುವ ಮಾಮೂಲಿ ವಿವರಣೆಯನ್ನು ಸರ್ಕಾರ ಎಂಬ ಕಾರಣಕ್ಕೆ ಒಪ್ಪಲಾಗದು ಎಂದು 2012ರಲ್ಲೇ ಲಿವಿಂಗ್ ಮೀಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ತೀರ್ಪು ಬಂದ ದಿನವೇ ನಕಲಿನ ಅರ್ಜಿ ಬೀಳಬೇಕು. ಇದು ಯಾರ ಕೆಲಸ ಎಂದು ಹೆಸರು ಹಿಡಿದು ಬರೆಯಿರಿ. ಅವರು ರಜೆಯಲ್ಲಿದ್ದರೆ ಯಾರು ಎಂಬ ಹೆಸರನ್ನೂ ಬರೆಯಿರಿ. ಈ ಎರಡನೆಯ ಹೆಸರು ಇಲ್ಲದ ಕಚೇರಿಗಳಲ್ಲೇ ತಾರೀಖು ತಪ್ಪುವುದು. ಎಣಿಕೆಯನ್ನು ಗುಮಾಸ್ತರು ಮಾಡಲಿ, ಪಕ್ಕದಲ್ಲಿ ನಿಮ್ಮ ಸಹಿ ಇರಲಿ.

ವಹಿಗೆ ಬಣ್ಣದ ಚೀಟಿಯೂ ಸೇರಿದರೆ ಒಳ್ಳೆಯದು. ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಂ ಪ್ರಕಾರ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಪ್ರಕರಣಗಳ ಮೇಲ್ವಿಚಾರಣೆ ಅಭಿಯೋಜನಾ ನಿರ್ದೇಶಕರದು, ಏಳರಿಂದ ಹತ್ತರೊಳಗಿನವು ಉಪನಿರ್ದೇಶಕರದು, ಏಳಕ್ಕಿಂತ ಕಡಿಮೆಯವು ಸಹಾಯಕ ನಿರ್ದೇಶಕರದು. ಮೂರಕ್ಕೆ ಮೂರು ಬಣ್ಣ ಇಟ್ಟರೆ ಮೇಲಿನಿಂದ ವರದಿ ಕೇಳಿದಾಗ ಕಪಾಟು ಸೋಸುವ ಗೋಜಿಲ್ಲ.

ಹೆಜ್ಜೆ 4: ಬೆಳಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ

ನಿಮಗೆ ಸಿಗುವುದೇ ಇಷ್ಟು. ಬೆಳಗ್ಗೆ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ಹಿಡಿದು ನಿಂತುಕೊಂಡೇ ಮಾತಾಡಿ: ಇಂದು ಯಾವುದರಲ್ಲಿ ಸಾಕ್ಷಿ ಇದೆ, ಯಾವುದರಲ್ಲಿ ವಾದ, ಯಾವುದಕ್ಕೆ ಏನು ಕಾಗದ ಬೇಕು. ಜತೆಗೆ ಮುಂದಿನ ವಾರದ ಇದೇ ದಿನದ ಪಟ್ಟಿಯನ್ನೂ ತೆಗೆಯಿರಿ. ಇಂದಿನ ಕೊರತೆಯನ್ನು ಇಂದು ತುಂಬಲಾಗದು. ಮುಂದಿನ ವಾರದ್ದನ್ನು ಇಂದು ತುಂಬಬಹುದು.

ಸಂಜೆ ಪ್ರತಿ ಕಡತವೂ ನಿಮ್ಮ ಕೈಬರಹದ ಒಂದು ಸಾಲಿನೊಂದಿಗೆ ಕಚೇರಿಗೆ ಮರಳಬೇಕು: ಮುಂದಿನ ತಾರೀಖು, ಹಂತ, ಮಾಡಬೇಕಾದ್ದು. ‘ಚಾಸಾ (ದೋಷಾರೋಪಣ ಪಟ್ಟಿಯ ಸಾಕ್ಷಿ) 4 ಮತ್ತು 7ಕ್ಕೆ ಸಮನ್ಸ್, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿಗೆ ಠಾಣೆಗೆ ಪತ್ರ’ ಎಂಬಷ್ಟಾದರೂ ಸಾಕು. ಬಾಯಿಮಾತಿನ ಸೂಚನೆ ಕೊಟ್ಟರೆ ಕೊಟ್ಟದ್ದನ್ನು ನೀವೂ ಮರೆಯುತ್ತೀರಿ, ಕೇಳಿದ್ದನ್ನು ಅವರೂ ಮರೆಯುತ್ತಾರೆ, ಕೊನೆಗೆ ಇಬ್ಬರೂ ಪ್ರಾಮಾಣಿಕವಾಗಿ ಜಗಳವಾಡುತ್ತೀರಿ. ಹಿಂದಿನ ದಿನದ ಆ ಸಾಲುಗಳು ಕಾರ್ಯರೂಪಕ್ಕೆ ಬಂದವೇ ಎಂದು ಮರುದಿನ ಬೆಳಗ್ಗೆ ಒಂದೆರಡನ್ನು ಎತ್ತಿ ನೋಡಿ. ಎಲ್ಲವನ್ನೂ ನೋಡಬೇಕಾಗಿಲ್ಲ. ಯಾವುದನ್ನು ನೋಡುತ್ತೀರಿ ಎಂದು ಯಾರಿಗೂ ಗೊತ್ತಿರದಿದ್ದರೆ ಸಾಕು.

ಹೆಜ್ಜೆ 5: ಸಮನ್ಸ್ ಬೆನ್ನು ಹತ್ತುವುದು

ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಂ ಪ್ರಕಾರ, ಕೈಮೀರಿದ ಕಾರಣವಿದ್ದರೂ ಎದುರು ಕಕ್ಷಿಯ ಆಕ್ಷೇಪಣೆ ಕೇಳಿ ಎರಡಕ್ಕಿಂತ ಹೆಚ್ಚು ಮುಂದೂಡಿಕೆ ಕೊಡುವಂತಿಲ್ಲ. ಸಾಕ್ಷಿ ಬಂದಿಲ್ಲ ಎಂದು ನೀವು ಎಷ್ಟು ಸಲ ಎದ್ದು ನಿಲ್ಲಬಹುದು ಎಂಬುದಕ್ಕೆ ಮಿತಿ ಇದೆ. ಸಮನ್ಸ್ ಜಾರಿಯ ಪಟ್ಟಿಯನ್ನು ಠಾಣಾವಾರು ಮಾಡಿಸಿ, ವಾರಕ್ಕೊಮ್ಮೆ ಕೋರ್ಟ್ ಪಿಸಿಯ ಸಹಿ ಪಡೆದು ಕೊಡಿ. ಮರಳಿ ಬಂದ ಸಮನ್ಸಿನ ಮೇಲೆ ‘ಸಾಕ್ಷಿ ಊರಿನಲ್ಲಿಲ್ಲ’ ಎಂದಿದ್ದರೆ ಹೊಸ ವಿಳಾಸ ಕೇಳಿ ಅಂದೇ ಪತ್ರ ಹೋಗಲಿ. ಎರಡು ಸಲ ಉತ್ತರ ಬಾರದಿದ್ದರೆ ಡಿವೈಎಸ್‌ಪಿಗೆ ಬರೆಯಿರಿ. ಪೇದೆಯ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಬಂದೋಬಸ್ತು, ಜಾತ್ರೆ, ರಾಜಕೀಯ ಸಭೆ ಎಂದು ಅವರನ್ನು ಎಳೆದಾಡುವವರು ಬೇರೆಯವರು.

ವರ್ಗವಾದ ಅಥವಾ ನಿವೃತ್ತರಾದ ವೈದ್ಯರು, ತನಿಖಾಧಿಕಾರಿಗಳು ಸಿಗುವುದು ಕಷ್ಟವಾದಾಗ ಅವರ ವರದಿಯ ಬಗ್ಗೆ ಈಗ ಆ ಹುದ್ದೆಯಲ್ಲಿರುವವರೇ ಸಾಕ್ಷ್ಯ ನುಡಿಯಲು 336ನೇ ಕಲಂ ದಾರಿ ಮಾಡಿಕೊಟ್ಟಿದೆ. ಯಾವ ಹುದ್ದೆಯಲ್ಲಿ ಈಗ ಯಾರಿದ್ದಾರೆ ಎಂಬ ಪಟ್ಟಿ ಕಚೇರಿಯಲ್ಲಿ ಇದ್ದರೆ ಮಾತ್ರ ಈ ಕಲಂ ಉಪಯೋಗಕ್ಕೆ ಬರುತ್ತದೆ.

ಸಿಬ್ಬಂದಿ ಸಾಕ್ಷಿಗೆ ಫೋನ್ ಮಾಡುವುದಾದರೆ ಹೇಳಬೇಕಾದದ್ದು ತಾರೀಖು, ಹೊತ್ತು, ಯಾವ ಕೋರ್ಟ್, ತರಬೇಕಾದ ಗುರುತಿನ ಚೀಟಿ, ಸಾಕ್ಷಿ ಭತ್ಯೆ ಇಷ್ಟೇ. ‘ಅವತ್ತು ಏನಾಯ್ತು ಅಂತ ಸ್ವಲ್ಪ ನೆನಪು ಮಾಡ್ಕೊಳ್ಳಿ, ಚಾಕು ಅಂತಲೇ ಹೇಳ್ಬೇಕು’ ಎಂಬ ಒಳ್ಳೆಯ ಮನಸ್ಸಿನ ಸಲಹೆಯೊಂದು ಪಾಟೀಸವಾಲಿನಲ್ಲಿ ಹೊರಬಿದ್ದರೆ, ಹೇಳಿಕೊಟ್ಟು ಕರೆತಂದ ಸಾಕ್ಷಿ ಎನಿಸಿಕೊಳ್ಳುತ್ತಾರೆ. ಇದನ್ನು ಬರವಣಿಗೆಯಲ್ಲಿ ತಿಳಿಸಿ ಸಹಿ ಪಡೆದಿಡಿ.

ಹೆಜ್ಜೆ 6: ಟೈಪಿಂಗ್‌ನಲ್ಲಿ ಎರಡು ಕಾನೂನು

ಈಗ ಪ್ರತಿ ಕಚೇರಿಯೂ ಎರಡು ಕಾಲದಲ್ಲಿ ಬದುಕುತ್ತಿದೆ. 2024ರ ಜುಲೈ 1ಕ್ಕೆ ಮುಂಚಿನ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆ, ಆಮೇಲಿನದಕ್ಕೆ ಭಾರತೀಯ ನ್ಯಾಯ ಸಂಹಿತೆ. ಬೆರಳಚ್ಚುಗಾರರ ಕೈಗೆ ‘302’ ಅಭ್ಯಾಸವಾಗಿ ಹೋಗಿದೆ. ಹೊಸ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ 103ನೇ ಕಲಂ; 302 ಎಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು. ಹಳೆಯ ನಮೂನೆಯ ಮೇಲೆಯೇ ಹೆಸರು ಬದಲಿಸಿ ಟೈಪ್ ಮಾಡಿದರೆ ಕೊಲೆ ಕೇಸಿನ ಜಾಮೀನು ತಕರಾರು ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಳೆಯ ನಮೂನೆಗಳಿಗೂ ಹೊಸ ನಮೂನೆಗಳಿಗೂ ಬೇರೆ ಬೇರೆ ಫೋಲ್ಡರ್ ಇರಲಿ, ಫೋಲ್ಡರಿನ ಹೆಸರಲ್ಲೇ ತಾರೀಖು ಇರಲಿ.

ಸಹಿಗೆ ಬರುವ ಮುನ್ನ ಅಪರಾಧ ಸಂಖ್ಯೆ, ಕಲಂ, ಆರೋಪಿಯ ಹೆಸರು ಮತ್ತು ತಂದೆಯ ಹೆಸರು ಇವನ್ನು ಟೈಪ್ ಮಾಡದ ಇನ್ನೊಬ್ಬರು ಓದಿ ಗುರುತು ಹಾಕಲಿ. ಟೈಪ್ ಮಾಡಿದವರ ಕಣ್ಣಿಗೆ ಅವರ ತಪ್ಪು ಕಾಣುವುದಿಲ್ಲ. ಇನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುವ ಕಥೆ ಎಲ್ಲರಿಗೂ ಗೊತ್ತು. ಹೊಸ ಕಡತಗಳನ್ನು ನೇರ ಯೂನಿಕೋಡ್‌ನಲ್ಲೇ ಮಾಡಿಸಿ.

ಹೆಜ್ಜೆ 7: ಗುಟ್ಟು ಕಾಯುವುದು

ಇಲ್ಲಿ ಮೆತ್ತಗಾಗಬೇಡಿ. ಲೈಂಗಿಕ ಅಪರಾಧದಲ್ಲಿ ನೊಂದವರ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಂ ಅಡಿ ಎರಡು ವರ್ಷದವರೆಗೆ ಶಿಕ್ಷೆಯ ಅಪರಾಧ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣಗಳಲ್ಲಿ ಮಗುವಿನ ಹೆಸರು ಕಡತದ ಹೊರಗೆ ಎಲ್ಲೂ ಕಾಣಬಾರದು, ಅಪರಾಧ ಸಂಖ್ಯೆ ಮಾತ್ರ. ಕಚೇರಿಯ ವಾಟ್ಸಾಪ್ ಗುಂಪಿಗೆ ಹೇಳಿಕೆಯ ಪುಟದ ಫೋಟೋ ಹಾಕುವ ಅಭ್ಯಾಸ ಎಲ್ಲಿದ್ದರೂ ನಿಲ್ಲಿಸಿ. ತನಿಖಾಧಿಕಾರಿ ದಿನದಿನದ ತನಿಖೆಯನ್ನು ಬರೆದಿಡುವ ಕೇಸ್ ಡೈರಿ ನೋಡುವ ಹಕ್ಕು ಆರೋಪಿಗಿಲ್ಲ. ಆದ್ದರಿಂದ ಅದು ಮೇಜಿನ ಮೇಲೆ ಇರುವ ವಸ್ತುವಲ್ಲ, ಬೀಗದೊಳಗೆ ಇರಬೇಕಾದದ್ದು.

ಪೆನ್‌ಡ್ರೈವ್, ಸಿಡಿ ಬಂದರೆ ಕುತೂಹಲಕ್ಕೆಂದು ಕಚೇರಿಯ ಕಂಪ್ಯೂಟರಿಗೆ ಚುಚ್ಚಬಾರದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಕೇತ) ಬರೆಯಬೇಕಾಗುತ್ತದೆ. ಮೂಲವನ್ನು ಮುಟ್ಟಿದರೆ ಆ ಮೌಲ್ಯದ ಬಗ್ಗೆಯೇ ಪ್ರಶ್ನೆ ಏಳುತ್ತದೆ. ನೋಡಲು ಬೇರೆ ಪ್ರತಿ ಕೇಳಿ.

ಬಾಗಿಲ ಬಳಿಯ ಬೆಂಚೂ ಉಸ್ತುವಾರಿಯ ವಿಷಯವೇ. ನೊಂದ ಹೆಣ್ಣುಮಗಳನ್ನೂ ಆರೋಪಿಯ ಕಡೆಯವರನ್ನೂ ಒಂದೇ ಬೆಂಚಿನಲ್ಲಿ ಕೂರಿಸದಂತೆ ದಲಾಯತರಿಗೆ ಹೇಳಿ. ‘ಅಮ್ಮಾ, ಸಾಹೇಬ್ರು ಹಾಲ್‌ನಲ್ಲಿದ್ದಾರೆ, ಊಟದ ಹೊತ್ತಿಗೆ ಸಿಗ್ತಾರೆ, ಒಳಗೆ ಕೂತ್ಕೊಳ್ಳಿ’ ಎಂಬ ಎರಡು ಮಾತು ಸಾಕು. ಜನರು ಸರ್ಕಾರಿ ವಕೀಲರನ್ನು ನೋಡುವ ಮೊದಲು ನೋಡುವುದು ದಲಾಯತರನ್ನು.

ಹಬ್ಬದ ಸಿಹಿ, ಹಣ್ಣಿನ ಬುಟ್ಟಿ, ‘ಖರ್ಚಿಗೆ ಇಟ್ಕೊಳ್ಳಿ’ ಎಂಬ ನೂರು ರೂಪಾಯಿ ಯಾವುದೂ ಬೇಡ. ನೀವೇ ಬುಟ್ಟಿ ತೆಗೆದುಕೊಂಡು ಸಿಬ್ಬಂದಿಗೆ ನೂರು ರೂಪಾಯಿ ಬೇಡ ಎಂದರೆ ಯಾರೂ ಕೇಳುವುದಿಲ್ಲ.

ಹೆಜ್ಜೆ 8: ಕೊಡಬಾರದ ಕೆಲಸ ಕೊಡಬೇಡಿ

ಇಪ್ಪತ್ತು ವರ್ಷ ಸೇವೆ ಮಾಡಿದ ಸಹಾಯಕರಿಗೆ ನಿಮಗಿಂತ ಚೆನ್ನಾಗಿ ನಮೂನೆಗಳು ಗೊತ್ತಿರುತ್ತವೆ. ಜಾಮೀನು ತಕರಾರನ್ನು ಅವರೇ ಸಿದ್ಧ ಮಾಡಿ ‘ಸಾರ್, ಒಂದು ಸಹಿ’ ಎಂದು ತರುತ್ತಾರೆ. ಕೆಲಸದ ಒತ್ತಡದಲ್ಲಿ ಅದು ವರದಂತೆ ಕಾಣುತ್ತದೆ. ಆದರೆ ‘ಸಾಕ್ಷಿಗಳನ್ನು ಹೆದರಿಸುವ ಸಂಭವವಿದೆ’ ಎಂಬ ಸಾಲು ಎಲ್ಲ ತಕರಾರಿನಲ್ಲೂ ಒಂದೇ ಆಗಿದ್ದರೆ ನ್ಯಾಯಾಧೀಶರು ಯಾವುದನ್ನೂ ಓದುವುದಿಲ್ಲ. ತಲೆಬರಹ, ಸಂಖ್ಯೆ, ಹಿನ್ನೆಲೆ ಅವರು ಟೈಪಿಸಲಿ; ಕಾರಣಗಳು ನಿಮ್ಮವೇ ಆಗಿರಲಿ. ಮೇಲ್ಮನವಿ ಯೋಗ್ಯವೋ ಅಲ್ಲವೋ ಎಂಬ ಅಭಿಪ್ರಾಯ, ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಂ ಅಡಿ ಕೇಸು ಹಿಂತೆಗೆಯುವ ನಿರ್ಧಾರ, ನೊಂದವರೊಂದಿಗೆ ಕೇಸಿನ ಮಾತು, ಇವು ಮೂರೂ ನಿಮ್ಮ ಕುರ್ಚಿ ಬಿಟ್ಟು ಹೋಗಬಾರದು.

ಹೆಜ್ಜೆ 9: ತಪ್ಪಾದಾಗ

ಮೊದಲ ಸಲ ಬಾಗಿಲು ಹಾಕಿಕೊಂಡು ಬಾಯಿಮಾತು, ಎರಡನೆಯ ಸಲ ಜ್ಞಾಪನ ಕೊಟ್ಟು ವಿವರಣೆ ಕೇಳುವುದು, ಆಮೇಲೆ ಮೇಲಧಿಕಾರಿಗೆ ವರದಿ. ಶಿಸ್ತು ಪ್ರಾಧಿಕಾರ ಸಾಮಾನ್ಯವಾಗಿ ನೀವಲ್ಲ. 1957ರ ಸಿಸಿಎ ನಿಯಮಗಳಡಿ (ರಾಜ್ಯ ನೌಕರರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು) ಆ ಅಧಿಕಾರ ಯಾರದೆಂದು ನೋಡಿಕೊಂಡು ಬರೆಯಿರಿ. ವಕೀಲರೆದುರು, ಪೊಲೀಸರೆದುರು ಗದರಿಸಬೇಡಿ. ಗದರಿಸಿಕೊಂಡವರು ಮರುದಿನದಿಂದ ತಪ್ಪನ್ನು ಮುಚ್ಚಿಡಲು ಕಲಿಯುತ್ತಾರೆ, ಈ ಕಚೇರಿಯಲ್ಲಿ ಮುಚ್ಚಿಟ್ಟ ತಪ್ಪಿನಷ್ಟು ದುಬಾರಿಯಾದದ್ದು ಬೇರೆ ಇಲ್ಲ. ‘ತಾರೀಖು ತಪ್ಪಿದೆ ಸಾರ್’ ಎಂದು ತಾನಾಗಿ ಬಂದು ಹೇಳಿದವರಿಗೆ ಮೊದಲು ಕೂರಲು ಹೇಳಿ, ಸರಿಪಡಿಸುವ ದಾರಿ ನೋಡಿ, ಕಾರಣ ಆಮೇಲೆ ಕೇಳಿ.

ಲೈಂಗಿಕ ಕಿರುಕುಳದ ದೂರು ಬಂದರೆ ರಾಜಿ ಪಂಚಾಯಿತಿ ಮಾಡಲು ಹೋಗಬೇಡಿ. 2013ರ ಕಾಯ್ದೆಯಂತೆ ಹತ್ತು ಜನಕ್ಕಿಂತ ಕಡಿಮೆ ಇರುವ ಕಚೇರಿಯ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಆ ಸಮಿತಿಯ ವಿಳಾಸ ಸೂಚನಾ ಫಲಕದಲ್ಲಿರಲಿ.

ಹೆಜ್ಜೆ 10: ತಿಂಗಳಿಗೊಮ್ಮೆ ಖುಲಾಸೆಗಳ ಹಾಳೆ

2014ರಲ್ಲಿ ಕಿಶನ್‌ಭಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖುಲಾಸೆಯಾದ ಪ್ರತಿ ಕೇಸಿನಲ್ಲೂ ಎಲ್ಲಿ ತಪ್ಪಾಯಿತು ಎಂದು ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯ ಅಧಿಕಾರಿಗಳ ಸಮಿತಿ ಪರಿಶೀಲಿಸಬೇಕು ಎಂದಿತು. ಅದು ಮೇಲಿನ ಮಟ್ಟದ ಕೆಲಸ. ಕಚೇರಿಯಲ್ಲಿ ನೀವು ಅರ್ಧ ಪುಟದ್ದೊಂದು ಮಾಡಿ: ಕೇಸಿನ ಸಂಖ್ಯೆ, ತೀರ್ಪಿನಲ್ಲಿ ಹೇಳಿದ ಕೊರತೆ, ಅದು ತನಿಖೆಯದೋ ಸಾಕ್ಷಿಯದೋ ಕಾಗದದ್ದೋ. ಕಾಗದದ್ದಾದರೆ ಯಾವ ವಹಿಯ ಯಾವ ಕಾಲಂ ಖಾಲಿಯಿತ್ತು ಎಂದು ಗುಮಾಸ್ತರ ಜತೆ ಕೂತು ಹುಡುಕಿ, ಆ ಕಾಲಂ ಇಲ್ಲದಿದ್ದರೆ ಸೇರಿಸಿ. ತನಿಖೆಯದಾದರೆ ಹಾಳೆಯ ಒಂದು ಪ್ರತಿಯನ್ನು ತಿಂಗಳ ಅಪರಾಧ ಪರಿಶೀಲನಾ ಸಭೆಗೆ ಒಯ್ಯಿರಿ. ಇನ್ನೊಂದು ಪ್ರತಿ ಚಾರ್ಜ್ ಹಸ್ತಾಂತರದ ಪಟ್ಟಿಯ ಕಡತದಲ್ಲಿರಲಿ. ನಿಮ್ಮ ವರ್ಗಾವಣೆಯಾದಾಗ ಬರುವವರಿಗೆ ಮೊದಲು ಓದಲು ಕೊಡಬೇಕಾದದ್ದು ಅದೇ.